ಎನ್‌ಎಸ್‌ಲುಕಪ್‌ಗೆ ಸಿಗುವ ವಿಳಾಸ ಬ್ರೌಸರ್‌ಗೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಒಂದು ವಾರದಿಂದ ಕ್ರೋಮ್‌ನಲ್ಲೂ ಎಡ್ಜ್‌ನಲ್ಲೂ ಯಾವ ತಾಣವೂ ತೆರೆಯುತ್ತಿಲ್ಲ. ಸರ್ವರ್‌ನ ಡಿಎನ್‌ಎಸ್ ವಿಳಾಸ ಸಿಗಲಿಲ್ಲ ಎಂದು ಬರುತ್ತದೆ (ಡಿಎನ್‌ಎಸ್ ಅಂದರೆ ತಾಣದ ಹೆಸರಿಗೆ ಅದರ ಅಂಕಿಗಳ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ). ವೈಫೈ ಸರಿಯಾಗಿದೆ, ಅದೇ ವೈಫೈನಲ್ಲಿ ಫೋನಿಗೆ ಏನೂ ತೊಂದರೆಯಿಲ್ಲ. ಗೂಗಲ್‌ನ ಡಿಎನ್‌ಎಸ್ ಸರ್ವರ್ 8.8.8.8ಕ್ಕೆ ಪಿಂಗ್ ಕೊಟ್ಟರೆ ಉತ್ತರ ಬರುತ್ತದೆ, ತಾಣದ ಹೆಸರು ಕೊಟ್ಟರೆ ಹೋಸ್ಟ್ ಸಿಗಲಿಲ್ಲ ಅನ್ನುತ್ತದೆ. ತಲೆಕೆಡಿಸಿದ ಸಂಗತಿ ಏನೆಂದರೆ, ಹೆಸರಿನ ವಿಳಾಸ ಹುಡುಕುವ ಎನ್‌ಎಸ್‌ಲುಕಪ್ ಕಮಾಂಡ್‌ಗೆ ಅದೇ ಹೆಸರು ಕೊಟ್ಟರೆ ವಿಳಾಸ ಸರಿಯಾಗಿಯೇ ಬರುತ್ತದೆ. ಫೈರ್‌ಫಾಕ್ಸ್‌ನಲ್ಲೂ ಎಲ್ಲ ತಾಣಗಳು ತೆರೆಯುತ್ತವೆ. ಡಿಎನ್‌ಎಸ್ ಸರ್ವರ್ ಬದಲಿಸಿ 8.8.8.8 ಹಾಕಿದೆ, ಕ್ಯಾಶ್ (ಹಳೆಯ ಉತ್ತರಗಳ ನೆನಪು) ಫ್ಲಶ್ ಮಾಡಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ. ಹಳೆಯ ಕೆಲಸದ ವಿಪಿಎನ್ (ಕಂಪನಿಯ ಒಳಜಾಲಕ್ಕೆ ಸೇರಿಸುವ ತಂತ್ರಾಂಶ) ಬೇಕಿಲ್ಲವೆಂದು ಅದನ್ನೂ ಇತ್ತೀಚೆಗೆ ತೆಗೆದುಹಾಕಿದ್ದೇನೆ. ವಿಂಡೋಸನ್ನೇ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡ, ಇನ್ನೂ ಆ ಹಂತಕ್ಕೆ ಬಂದಿಲ್ಲ. ನೀವು ಬರೆದ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ. ನನಗೆ ಬರುವ ಹೆಚ್ಚಿನ ಪ್ರಶ್ನೆಗಳು ‘ನೆಟ್ ಬರ್ತಿಲ್ಲ, ಏನು ಮಾಡಲಿ’ ಎಂಬ ಒಂದೇ ಸಾಲಿನವು. ನೀವು ನಾಲ್ಕು ಪರೀಕ್ಷೆ ಮಾಡಿ, ನಾಲ್ಕರ ಫಲಿತಾಂಶವನ್ನೂ ಬರೆದಿದ್ದೀರಿ. ಕೊನೆಯಲ್ಲಿ ‘ಇರಲಿ’ ಎಂದು ಸೇರಿಸಿದಂತಿರುವ ವಿಪಿಎನ್ ಸಂಗತಿಯ ಮೇಲೆ ನನ್ನ ಕಣ್ಣು ಮೊದಲು ಬಿತ್ತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂದು ಸಣ್ಣ ಸೂಚನೆ: ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ.

ಮೊದಲು ಪಿಂಗ್, ಅಂದರೆ ಆಚೆಯ ಯಂತ್ರ ಉತ್ತರ ಕೊಡುತ್ತದೆಯೇ ಎಂದು ನೋಡುವ ಕಮಾಂಡ್. 8.8.8.8ರಿಂದ ಉತ್ತರ ಬಂತು ಅಂದರೆ ವೈಫೈ, ರೂಟರ್, ಅಲ್ಲಿಂದಾಚೆಯ ದಾರಿ ಎಲ್ಲವೂ ಸರಿಯಿವೆ. ಹಾಗಾಗಿ ರೂಟರನ್ನು ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಬೇಕಾಗಿಲ್ಲ. ಆ ಪಿಂಗ್ ಕೂಡ ಹೋಗದಿದ್ದರೆ ಡಿಎನ್‌ಎಸ್ ಮಾತೇ ಬರುತ್ತಿರಲಿಲ್ಲ, ಮೊದಲು ಸಂಪರ್ಕ ಸರಿಮಾಡಬೇಕಿತ್ತು. ಅಂಥ ಸಂದರ್ಭದಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ನೋಡಿದಾಗ ನಿಮ್ಮ ಯಂತ್ರದ ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರ್ ವಿಳಾಸ ಕೊಟ್ಟಿಲ್ಲ, ಯಂತ್ರವೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ನಿಮ್ಮ ಸಮಸ್ಯೆ ಅದಲ್ಲ.

ಉಳಿದ ಮೂರು ಫಲಿತಾಂಶ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತಿವೆ. ಎನ್‌ಎಸ್‌ಲುಕಪ್‌ಗೆ ವಿಳಾಸ ಸಿಗುತ್ತದೆ, ಫೈರ್‌ಫಾಕ್ಸ್‌ಗೂ ಸಿಗುತ್ತದೆ, ಕ್ರೋಮ್, ಎಡ್ಜ್ ಮತ್ತು ಪಿಂಗ್‌ಗೆ ಮಾತ್ರ ಸಿಗುವುದಿಲ್ಲ. ಈ ತಂತ್ರಾಂಶಗಳು ಹೆಸರನ್ನು ಯಾರ ಹತ್ತಿರ ಕೇಳುತ್ತವೆ ಎಂದು ಗೊತ್ತಾದರೆ ವಿರೋಧ ಉಳಿಯುವುದಿಲ್ಲ. ಡಿಎನ್‌ಎಸ್ ತೊಂದರೆ ಅಂದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಯಾರು ಯಾರನ್ನು ಕೇಳಿದರು, ಅವರು ಏನೆಂದರು? ‘ಡಿಎನ್‌ಎಸ್ ಕೆಟ್ಟಿದೆ’ ಎನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ, ಯಾಕೆಂದರೆ ಡಿಎನ್‌ಎಸ್ ಒಂದೇ ಜಾಗದಲ್ಲಿ ಇಲ್ಲ.

ಬ್ರೌಸರ್‌ನಲ್ಲಿ ನೀವು ಒಂದು ಹೆಸರು ಹೊಡೆದಾಗ ಏನಾಗುತ್ತದೆ ನೋಡಿ. ಬ್ರೌಸರ್ ಮೊದಲು ತನ್ನ ನೆನಪಿನಲ್ಲಿ ಹುಡುಕುತ್ತದೆ. ಅಲ್ಲಿಲ್ಲದಿದ್ದರೆ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಡಿಎನ್‌ಎಸ್ ಕ್ಲೈಂಟ್ ಎಂಬ ಸೇವೆಯೊಂದು ಹಿನ್ನೆಲೆಯಲ್ಲಿ ಸದಾ ಓಡುತ್ತಿರುತ್ತದೆ. ಅದು ಹೋಸ್ಟ್ಸ್ ಫೈಲಿನಲ್ಲಿರುವುದನ್ನು ಮತ್ತು ತನ್ನ ಕ್ಯಾಶ್ ಅನ್ನು ನೋಡಿ, ಸಿಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಬರೆದಿರುವ ಡಿಎನ್‌ಎಸ್ ಸರ್ವರ್‌ಗೆ 53ನೇ ಪೋರ್ಟ್‌ನಲ್ಲಿ ಪ್ರಶ್ನೆ ಕಳಿಸುತ್ತದೆ. ಆ ಸರ್ವರ್‌ಗೂ ಗೊತ್ತಿಲ್ಲದಿದ್ದರೆ ಅದು ರೂಟ್ ಸರ್ವರ್, ಡಾಟ್ ಕಾಮ್‌ನಂಥ ಮೇಲ್ಮಟ್ಟದ ಸರ್ವರ್, ಕೊನೆಗೆ ಆ ಡೊಮೈನ್‌ನದೇ ಅಧಿಕೃತ ಸರ್ವರ್, ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಉತ್ತರ ತರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ನಡುವೆ ರೂಟರ್ ಕೂಡ ಇರುತ್ತದೆ, ಪ್ರಶ್ನೆಯನ್ನು ಮುಂದಕ್ಕೆ ದಾಟಿಸುವ ಮಧ್ಯವರ್ತಿಯಾಗಿ.

ಹೋಸ್ಟ್ಸ್ ಫೈಲ್ ಎಂದೆನಲ್ಲ, ಅದು ಈ ವ್ಯವಸ್ಥೆಗಿಂತಲೂ ಹಳೆಯದು. ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್ ಕಾಲದಲ್ಲಿ ಜಾಲದ ಎಲ್ಲ ಯಂತ್ರಗಳ ಹೆಸರು ಮತ್ತು ವಿಳಾಸ ಒಂದೇ ಪಠ್ಯ ಕಡತದಲ್ಲಿರುತ್ತಿತ್ತು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದನ್ನು ಕೈಯಾರೆ ತಿದ್ದಿ ಇಡುತ್ತಿದ್ದರು, ಉಳಿದವರು ಅಲ್ಲಿಂದ ನಕಲು ತರುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ನಿಭಾಯಿಸಲಾಗದ ಕೆಲಸವಾಯಿತು. ಆಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಇಂದಿನ ಡಿಎನ್‌ಎಸ್‌ನ ವಿನ್ಯಾಸ ಮಾಡಿದರು. ಕಡತ ಮಾತ್ರ ಹೋಗಲಿಲ್ಲ. ನಿಮ್ಮ ವಿಂಡೋಸ್‌ನಲ್ಲಿ ಸಿಸ್ಟಂ32, ಡ್ರೈವರ್ಸ್, ಇಟಿಸಿ ಎಂಬ ಫೋಲ್ಡರ್‌ಗಳ ಒಳಗೆ ಅದು ಈಗಲೂ ಕೂತಿದೆ, ಅಲ್ಲಿ ಬರೆದದ್ದೇ ಡಿಎನ್‌ಎಸ್ ಸರ್ವರ್‌ನ ಮಾತಿಗಿಂತ ಮೊದಲು ನಡೆಯುತ್ತದೆ.

ಈಗ ಎನ್‌ಎಸ್‌ಲುಕಪ್. ಇದು ವಿಂಡೋಸ್‌ನ ಜೊತೆಗೇ ಬರುತ್ತದಾದರೂ ವಿಂಡೋಸ್‌ನ ಡಿಎನ್‌ಎಸ್ ಕ್ಲೈಂಟನ್ನು ಕೇಳುವುದಿಲ್ಲ. ಹೋಸ್ಟ್ಸ್ ಫೈಲ್ ನೋಡುವುದಿಲ್ಲ, ಕ್ಯಾಶ್ ನೋಡುವುದಿಲ್ಲ. ಡಿಎನ್‌ಎಸ್ ಸರ್ವರ್‌ನ ವಿಳಾಸ ಹಿಡಿದು ತಾನೇ ಪ್ರಶ್ನೆ ಕಟ್ಟಿ ಕಳಿಸುತ್ತದೆ, ಬಂದ ಉತ್ತರ ತೋರಿಸುತ್ತದೆ. ಪಿಂಗ್, ಕ್ರೋಮ್, ಎಡ್ಜ್ ಎಲ್ಲವೂ ಕಚೇರಿಯ ಮುಂಬಾಗಿಲಲ್ಲಿ ಸರದಿ ನಿಂತರೆ, ಎನ್‌ಎಸ್‌ಲುಕಪ್ ಹಿತ್ತಲ ಬಾಗಿಲಿಂದ ಹೋಗಿ ಬರುತ್ತದೆ. ಹಾಗಾಗಿ ಅದರಲ್ಲಿ ಉತ್ತರ ಬಂದರೆ ಡಿಎನ್‌ಎಸ್ ಸರ್ವರ್ ಬದುಕಿದೆ, ದಾರಿ ತೆರೆದಿದೆ ಎಂದಷ್ಟೇ ಗೊತ್ತಾಗುತ್ತದೆ. ವಿಂಡೋಸ್ ಒಳಗೆ ಏನು ನಡೆಯುತ್ತಿದೆ ಎಂದು ಅದು ಹೇಳಲಾರದು.

ಅದರ ಉತ್ತರದಲ್ಲಿ ಅನಗತ್ಯವಾಗಿ ಹೆದರಿಸುವ ಎರಡು ಸಾಲುಗಳಿವೆ. ಸರ್ವರ್‌ನ ಹೆಸರಿನ ಜಾಗದಲ್ಲಿ ‘ಅನ್‌ನೋನ್’ ಎಂದು ಕಂಡೊಡನೆ ಹಲವರು ಸರ್ವರ್ರೇ ಇಲ್ಲ ಎಂದುಕೊಳ್ಳುತ್ತಾರೆ. ಆ ಸರ್ವರ್‌ನ ಐಪಿ ವಿಳಾಸಕ್ಕೆ ಹಿಮ್ಮುಖವಾಗಿ ಹೆಸರು ಹುಡುಕಿದಾಗ ಸಿಗಲಿಲ್ಲ ಎಂದು ಮಾತ್ರ ಅದರರ್ಥ. ಮನೆಯ ರೂಟರ್‌ಗಳಿಗೆ ಅಂಥ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಇನ್ನೊಂದು, ‘ನಾನ್ ಆಥರಿಟೇಟಿವ್ ಆನ್ಸರ್’. ಉತ್ತರ ಸುಳ್ಳು ಎಂದಲ್ಲ, ಆ ಡೊಮೈನ್‌ನ ಅಧಿಕೃತ ಸರ್ವರ್‌ನಿಂದ ನೇರವಾಗಿ ಬಂದದ್ದಲ್ಲ, ನಡುವಿನವರು ತಂದುಕೊಟ್ಟದ್ದು ಎಂದು. ದಿನವೂ ನಾವು ಬಳಸುವ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಅಂಥವೇ.

ಫೈರ್‌ಫಾಕ್ಸ್ ಒಗಟೂ ಇಲ್ಲಿಗೆ ಬಿಡಿಸಿಕೊಳ್ಳುತ್ತದೆ. ಅದರಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆನ್ ಆಗಿದ್ದರೆ ಹೆಸರು ಹುಡುಕಲು ಅದು ವಿಂಡೋಸ್‌ನ ಹಂಗಿಗೇ ಹೋಗುವುದಿಲ್ಲ. 2018ರಲ್ಲಿ ಮಾನಕವಾದ ಈ ವಿಧಾನದಲ್ಲಿ ಪ್ರಶ್ನೆ ಗೂಢಲಿಪಿಯಲ್ಲಿ, ಸಾಮಾನ್ಯ ವೆಬ್ ಸಂಚಾರದ ಜೊತೆಯಲ್ಲೇ 443ನೇ ಪೋರ್ಟ್‌ನಲ್ಲಿ, ಬ್ರೌಸರ್ ಆರಿಸಿಕೊಂಡ ಸರ್ವರ್‌ಗೆ ಹೋಗುತ್ತದೆ. ಖಾತ್ರಿಪಡಿಸಿಕೊಳ್ಳಬೇಕೆಂದರೆ ಸೆಟ್ಟಿಂಗ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ಆಫ್ ಮಾಡಿ ನೋಡಿ. ಫೈರ್‌ಫಾಕ್ಸ್ ಕೂಡ ಕೈಕೊಟ್ಟರೆ ನನ್ನ ಊಹೆ ಸರಿ. ನೋಡಿದ ಮೇಲೆ ಮತ್ತೆ ಆನ್ ಮಾಡಿಕೊಳ್ಳಿ.

ಅಲ್ಲಿಗೆ ಕಳ್ಳ ಇರುವ ಕೋಣೆ ಗೊತ್ತಾಯಿತು. ದಾರಿ ಸರಿಯಿದೆ, ಸರ್ವರ್ ಸರಿಯಿದೆ, ವಿಂಡೋಸ್‌ನ ಡಿಎನ್‌ಎಸ್ ಕ್ಲೈಂಟ್ ಅವೆರಡನ್ನೂ ಬಿಟ್ಟು ಬೇರೆ ಯಾರನ್ನೋ ಕೇಳುತ್ತಿದೆ. ಯಾರನ್ನು?

ವಿಂಡೋಸ್‌ನಲ್ಲಿ ನೇಮ್ ರೆಸಲ್ಯೂಷನ್ ಪಾಲಿಸಿ ಟೇಬಲ್ ಎಂಬ ಪಟ್ಟಿಯೊಂದಿದೆ, ಚಿಕ್ಕದಾಗಿ ಎನ್‌ಆರ್‌ಪಿಟಿ. ನೆಟ್‌ವರ್ಕ್ ಸೆಟ್ಟಿಂಗ್‌ನ ಯಾವ ಪರದೆಯಲ್ಲೂ ಇದು ಕಾಣುವುದಿಲ್ಲ, ಅದಕ್ಕೇ ಜನ ದಿನಗಟ್ಟಲೆ ಸುತ್ತುತ್ತಾರೆ. ಇಂಥ ಹೆಸರುಗಳಿಗೆ ಇಂಥ ಸರ್ವರನ್ನೇ ಕೇಳು ಎಂಬ ನಿಯಮಗಳು ಅದರಲ್ಲಿರುತ್ತವೆ. ಕಂಪನಿಯ ಒಳಗಿನ ಹೆಸರುಗಳು ಕಂಪನಿಯ ಡಿಎನ್‌ಎಸ್ ಸರ್ವರ್‌ಗೇ ಹೋಗಬೇಕು ಎಂದು ವಿಪಿಎನ್ ತಂತ್ರಾಂಶಗಳು ಅಲ್ಲಿ ನಿಯಮ ಬರೆಯುತ್ತವೆ. ಕೆಲವು ವಿಪಿಎನ್‌ಗಳು ಒಂದೇ ಒಂದು ಚುಕ್ಕಿಯ ನಿಯಮ ಹಾಕುತ್ತವೆ. ಚುಕ್ಕಿ ಅಂದರೆ ಎಲ್ಲ ಹೆಸರೂ. ವಿಪಿಎನ್ ಬಿಟ್ಟಾಗ ನಿಯಮವನ್ನು ಅಳಿಸಿ ಹೋಗಬೇಕು. ಅಪ್ಪಿತಪ್ಪಿ ಅಳಿಸದೆ ಹೋದರೆ, ಅಥವಾ ತಂತ್ರಾಂಶವನ್ನು ಕಿತ್ತುಹಾಕುವಾಗ ನಿಯಮ ಹಾಗೇ ಉಳಿದರೆ, ವಿಂಡೋಸ್ ಪ್ರತಿಯೊಂದು ಹೆಸರಿಗೂ ಇನ್ನು ತಲುಪಲಾಗದ ಒಂದು ಒಳಜಾಲದ ವಿಳಾಸದ ಬಾಗಿಲು ತಟ್ಟುತ್ತ ಕೂರುತ್ತದೆ. ಎನ್‌ಎಸ್‌ಲುಕಪ್ ಈ ಪಟ್ಟಿಯನ್ನೂ ನೋಡುವುದಿಲ್ಲ. ನಿಮ್ಮ ಲಕ್ಷಣಗಳ ಜೊತೆ ಇದು ಅಚ್ಚಿನಂತೆ ಕೂರುತ್ತದೆ.

ನೀವು ಡಿಎನ್‌ಎಸ್ ಸರ್ವರನ್ನು 8.8.8.8 ಎಂದು ಬದಲಿಸಿದರೂ ಏನೂ ಆಗದಿದ್ದುದಕ್ಕೆ ಕಾರಣವೂ ಇದೇ ಇರಬೇಕು. ಆ ಸೆಟ್ಟಿಂಗ್ ಅಡಾಪ್ಟರ್‌ಗೆ, ಅಂದರೆ ವೈಫೈನಂಥ ಒಂದು ನೆಟ್‌ವರ್ಕ್ ಸಾಧನಕ್ಕೆ ಸೇರಿದ್ದು, ಪಟ್ಟಿಯ ನಿಯಮ ಅದಕ್ಕಿಂತ ಮೇಲಿನದು. ಕ್ಯಾಶ್ ಫ್ಲಶ್ ಮಾಡಿದರೆ ಹಳೆಯ ಉತ್ತರಗಳು ಹೋಗುತ್ತವೆಯೇ ಹೊರತು ನಿಯಮ ಹೋಗುವುದಿಲ್ಲ.

ಪರೀಕ್ಷೆ ಹೀಗೆ. ಸ್ಟಾರ್ಟ್ ಮೆನುವಿನಲ್ಲಿ ಪವರ್‌ಶೆಲ್ ಹುಡುಕಿ, ಬಲ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೊದಲು ರಿಸಾಲ್ವ್-ಡಿಎನ್‌ಎಸ್‌ನೇಮ್ ಕೊಟ್ಟು ಒಂದು ಸ್ಪೇಸ್ ಬಿಟ್ಟು ಯಾವುದಾದರೂ ತಾಣದ ಹೆಸರು ಬರೆಯಿರಿ. ಇದು ಎನ್‌ಎಸ್‌ಲುಕಪ್‌ನಂತಲ್ಲ, ವಿಂಡೋಸ್‌ನ ಡಿಎನ್‌ಎಸ್ ಕ್ಲೈಂಟ್ ಮೂಲಕವೇ ಕೇಳುತ್ತದೆ, ಪಟ್ಟಿಯ ನಿಯಮಗಳನ್ನೂ ಪಾಲಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೆಂಪಕ್ಷರದಲ್ಲಿ ‘ಟೈಮ್‌ಔಟ್ ಪೀರಿಯಡ್ ಎಕ್ಸ್‌ಪೈರ್ಡ್’ ಎಂದರೆ ಬಲೆಗೆ ಬಿತ್ತು. ಆಮೇಲೆ ಗೆಟ್-ಡಿಎನ್‌ಎಸ್‌ಕ್ಲೈಂಟ್‌ಎನ್‌ಆರ್‌ಪಿಟಿಪಾಲಿಸಿ ಎಂದು ಕೊಡಿ, ಅಡ್ಡಗೆರೆ ‘ಗೆಟ್’ ಆದ ಮೇಲೆ ಮಾತ್ರ. ಏನೂ ಬರದೆ ಖಾಲಿ ಸಾಲಿಗೆ ಮರಳಿದರೆ ಜಾರಿಯಲ್ಲಿ ಯಾವ ನಿಯಮವೂ ಇಲ್ಲ. ನೇಮ್‌ಸ್ಪೇಸ್ ಎಂಬುದರ ಎದುರು ಒಂದು ಚುಕ್ಕಿ, ನೇಮ್‌ಸರ್ವರ್ಸ್ ಎದುರು 10 ಅಥವಾ 172 ಎಂದು ಶುರುವಾಗುವ ವಿಳಾಸ ಕಂಡರೆ ಅದೇ ಆ ವಿಪಿಎನ್ ಬಿಟ್ಟುಹೋದ ಕುರುಹು.

ಅಳಿಸಲು ಗೆಟ್-ಡಿಎನ್‌ಎಸ್‌ಕ್ಲೈಂಟ್‌ಎನ್‌ಆರ್‌ಪಿಟಿರೂಲ್ ಕೊಡಿ. ಪ್ರತಿ ನಿಯಮಕ್ಕೂ ಪುಷ್ಪಾವರಣದೊಳಗೆ ಉದ್ದನೆಯ ಗುರುತು ಇರುತ್ತದೆ, ಅದನ್ನು ನಕಲಿಸಿಕೊಂಡು ರಿಮೂವ್-ಡಿಎನ್‌ಎಸ್‌ಕ್ಲೈಂಟ್‌ಎನ್‌ಆರ್‌ಪಿಟಿರೂಲ್‌ಗೆ ಕೊಡಿ. ಅಳಿಸುವ ಮುಂಚೆ ಪೂರ್ತಿ ಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಈಗ ಬಳಸುತ್ತಿರುವ ಇನ್ನಾವುದೋ ವಿಪಿಎನ್‌ನ ನಿಯಮವೂ ಅದರಲ್ಲಿ ಇರಬಹುದು. ಲ್ಯಾಪ್‌ಟಾಪ್ ಕಂಪನಿಯದ್ದಾಗಿದ್ದು ನಿಯಮ ಗ್ರೂಪ್ ಪಾಲಿಸಿಯಿಂದ (ಕಂಪನಿ ತನ್ನ ಯಂತ್ರಗಳಿಗೆ ಒಟ್ಟಾಗಿ ಹಾಕುವ ಸೆಟ್ಟಿಂಗ್) ಬಂದಿದ್ದರೆ ನೀವು ಅಳಿಸಿದರೂ ಮತ್ತೆ ಹುಟ್ಟುತ್ತದೆ, ಆಗ ಅಲ್ಲಿನ ಐಟಿಯವರನ್ನೇ ಕೇಳಬೇಕು. ಅಳಿಸಿದ ಮೇಲೆ ಒಮ್ಮೆ ಫ್ಲಶ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ರಿಸಾಲ್ವ್-ಡಿಎನ್‌ಎಸ್‌ನೇಮ್.

ಪಟ್ಟಿ ಖಾಲಿಯಿತ್ತು ಅಂದುಕೊಳ್ಳಿ. ಆಗ ನನ್ನ ಅನುಮಾನ ಎರಡರ ಮೇಲೆ. ಒಂದು, ವಿಪಿಎನ್ ಸ್ಥಾಪಿಸಿದ್ದ ಮಿಥ್ಯಾ (ವರ್ಚುವಲ್) ಅಡಾಪ್ಟರ್ ಇನ್ನೂ ಉಳಿದಿರುವುದು. ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟಾಗ ವೈಫೈ ಅಲ್ಲದೆ ಬೇರೆ ಹೆಸರಿನ ಅಡಾಪ್ಟರ್ ಕಂಡು, ಅದರ ಕೆಳಗೂ ಡಿಎನ್‌ಎಸ್ ಸರ್ವರ್ ವಿಳಾಸ ಇದ್ದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಅದನ್ನು ತೆಗೆಯಿರಿ. ಇನ್ನೊಂದು, ಆಂಟಿವೈರಸ್ ಅಥವಾ ಜಾಹೀರಾತು ತಡೆಯುವ ತಂತ್ರಾಂಶ. ಇವುಗಳಲ್ಲಿ ಕೆಲವು ಡಿಎನ್‌ಎಸ್ ಪ್ರಶ್ನೆಗಳನ್ನು ನಡುವೆಯೇ ಹಿಡಿದು ಪರಿಶೀಲಿಸುತ್ತವೆ. ಐದು ನಿಮಿಷ ಆಫ್ ಮಾಡಿ ನೋಡಿದರೆ ತಿಳಿಯುತ್ತದೆ.

ಹೋಸ್ಟ್ಸ್ ಫೈಲನ್ನು ನಿಮ್ಮ ವಿಷಯದಲ್ಲಿ ನಾನು ಸಂಶಯಿಸುವುದಿಲ್ಲ, ಏಕೆಂದರೆ ಅದು ಬರೆದಿಟ್ಟ ಹೆಸರುಗಳನ್ನಷ್ಟೇ ಕೆಡಿಸಬಲ್ಲದು, ಎಲ್ಲ ತಾಣವನ್ನೂ ಅಲ್ಲ. ಒಂದೇ ಒಂದು ತಾಣ ತೆರೆಯದವರು ಮಾತ್ರ ಮೊದಲು ಅದನ್ನೇ ನೋಡಬೇಕು. ಈ ಪಾಠ ನಾನು ದುಡ್ಡು ಕೊಡದೆ, ಒಂದು ಸಂಜೆ ಕೊಟ್ಟು ಕಲಿತದ್ದು. ಒಂದು ತಾಣವನ್ನು ಹೊಸ ಸರ್ವರ್‌ಗೆ ಸಾಗಿಸಿದ್ದೆ. ಎಲ್ಲರಿಗೂ ಹೊಸ ತಾಣ ಕಾಣುತ್ತಿದೆ, ನನ್ನ ಯಂತ್ರದಲ್ಲಿ ಮಾತ್ರ ಸತ್ತ ಹಳೆಯ ಸರ್ವರ್. ಫ್ಲಶ್ ಮಾಡಿದೆ, ಬೇರೆ ಬೇರೆ ಡಿಎನ್‌ಎಸ್ ಹಾಕಿದೆ, ಡೊಮೈನ್ ಮಾರಿದವರಿಗೆ ಕಟುವಾಗಿ ಒಂದು ಮೇಲ್ ಕೂಡ ಬರೆದೆ. ಕಳಿಸುವ ಮುಂಚೆ ಯಾಕೋ ಹೋಸ್ಟ್ಸ್ ತೆರೆದೆ. ಕೊನೆಯ ಸಾಲಿನಲ್ಲಿ ಹಳೆಯ ವಿಳಾಸ, ಪಕ್ಕದಲ್ಲೇ ‘ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕು’ ಎಂಬ ನನ್ನದೇ ಟಿಪ್ಪಣಿ! ತಿಂಗಳುಗಳ ಹಿಂದೆ ನಾನೇ ಬರೆದಿಟ್ಟು ಮರೆತಿದ್ದೆ. ಮೇಲ್ ಅಳಿಸಿದೆ. ಆವತ್ತೂ ಎನ್‌ಎಸ್‌ಲುಕಪ್ ಸರಿಯಾದ ವಿಳಾಸವನ್ನೇ ಕೊಡುತ್ತಿತ್ತು, ಪಿಂಗ್ ಬೇರೆ ಹೇಳುತ್ತಿತ್ತು. ಎರಡೂ ಒಂದೇ ಪರದೆಯಲ್ಲಿ ಎದುರೇ ಇದ್ದವು, ನಾನು ನೋಡಿದ್ದೆ, ಓದಿರಲಿಲ್ಲ.

ಎನ್‌ಎಸ್‌ಲುಕಪ್ ಕೂಡ ಉತ್ತರ ಕೊಡದ ಓದುಗರಿಗೂ ಕೆಲವು ಮಾತು ಹೇಳಬೇಕು, ನಿಮ್ಮ ಪ್ರಶ್ನೆಗಿಂತ ಆ ಸ್ಥಿತಿಯೇ ಹೆಚ್ಚು ಸಾಮಾನ್ಯ. ‘ಸಿಗಲಿಲ್ಲ’ ಎನ್ನುವುದರಲ್ಲಿ ಹಲವು ಬಗೆಯಿದೆ. ಎನ್‌ಎಕ್ಸ್‌ಡೊಮೈನ್ ಎಂದರೆ ಸರ್ವರ್ ಸ್ಪಷ್ಟವಾಗಿ ಉತ್ತರ ಕೊಟ್ಟಿದೆ: ಈ ಹೆಸರೇ ಇಲ್ಲ. ಕಾಗುಣಿತ ತಪ್ಪಿರಬಹುದು, ಡೊಮೈನ್ ನವೀಕರಿಸದೆ ಅವಧಿ ಮುಗಿದಿರಬಹುದು, ಅಥವಾ ಕಂಪನಿಯ ಒಳಗಿನ ಹೆಸರನ್ನು ಹೊರಗಿನ ಸರ್ವರ್‌ಗೆ ಕೇಳಿರಬಹುದು. ರೆಫ್ಯೂಸ್ಡ್ ಎಂದರೆ ನಿನಗೆ ಉತ್ತರ ಕೊಡುವುದಿಲ್ಲ ಹೋಗು ಎಂದಂತೆ. ಬೇರೆ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಸರ್ವರನ್ನು ನಿಮ್ಮ ಸಂಪರ್ಕದಿಂದ ಕೇಳಿದಾಗ ಹೀಗಾಗುತ್ತದೆ. ಟೈಮ್‌ಔಟ್ ಎಂದರೆ ಯಾರೂ ಮಾತೇ ಆಡಲಿಲ್ಲ. ಸರ್ವರ್ ಸತ್ತಿದೆ, ಇಲ್ಲವೇ ದಾರಿಯಲ್ಲಿ ಫೈರ್‌ವಾಲ್ 53ನೇ ಪೋರ್ಟ್ ಮುಚ್ಚಿದೆ. ಲಾಗಿನ್ ಪುಟವಿರುವ ಸಾರ್ವಜನಿಕ ವೈಫೈಗಳಲ್ಲಿ ಲಾಗಿನ್ ಆಗುವವರೆಗೆ ಹೊರಗಿನ ಡಿಎನ್‌ಎಸ್ ಸರ್ವರ್‌ಗಳನ್ನು ತಡೆದಿರುವುದುಂಟು. ಕೈಯಾರೆ 8.8.8.8 ಹಾಕಿಕೊಂಡವರಿಗೆ ಅಲ್ಲಿ ಲಾಗಿನ್ ಪುಟವೇ ಬರದೆ ಪರದಾಟವಾಗುತ್ತದೆ.

ಸರ್ವ್‌ಫೇಲ್ ಸ್ವಲ್ಪ ಗಹನ. ಪ್ರಶ್ನೆ ತಲುಪಿತು, ಸರ್ವರ್ ಪ್ರಯತ್ನವನ್ನೂ ಮಾಡಿತು, ಒಪ್ಪುವಂಥ ಉತ್ತರ ತರಲಾಗಲಿಲ್ಲ ಎಂದು. ಆ ಡೊಮೈನ್‌ನ ಅಧಿಕೃತ ಸರ್ವರ್‌ಗಳೇ ತಲುಪದಿದ್ದಾಗ ಇದು ಬರುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಮಾಯವಾದಾಗ ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು, ಜಗತ್ತಿನಾದ್ಯಂತ ಜನ ತಮ್ಮ ರೂಟರ್ ಮೇಲೆ ಸಿಟ್ಟಾದರು. ಡಿಎನ್‌ಎಸ್‌ಸೆಕ್ ಸಹಿ (ಉತ್ತರ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ) ತಾಳೆಯಾಗದಿದ್ದರೂ ಸರ್ವ್‌ಫೇಲ್ ಬರುತ್ತದೆ, ಅಲ್ಲಿ ಗಡಿಯಾರವೂ ಆಟಕ್ಕೆ ಬರುತ್ತದೆ. ಸಹಿಗಳಿಗೆ ಶುರುವಿನ ದಿನ, ಮುಗಿಯುವ ದಿನ ಇರುತ್ತವೆ. ಬ್ಯಾಟರಿ ಗಡಿಯಾರವಿಲ್ಲದ ಒಂದು ಪುಟ್ಟ ಬೋರ್ಡನ್ನು ನಾನು ಮನೆಯಲ್ಲಿ ಡಿಎನ್‌ಎಸ್ ಸರ್ವರ್ ಮಾಡಿಕೊಂಡಿದ್ದೆ. ಕರೆಂಟು ಹೋಗಿ ಬಂದ ಮೇಲೆ ಅದರ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿತ್ತು. ಅದರ ಲೆಕ್ಕದಲ್ಲಿ ಸಹಿಗಳೆಲ್ಲ ಇನ್ನೂ ಶುರುವೇ ಆಗಿರಲಿಲ್ಲ, ಸಹಿಯಿರುವ ಹೆಸರೆಲ್ಲ ಸರ್ವ್‌ಫೇಲ್. ಗಡಿಯಾರ ಸರಿಮಾಡಿಕೊಳ್ಳೋಣವೆಂದರೆ ಸಮಯ ಹೇಳುವ ಸರ್ವರ್‌ನ ಹೆಸರೂ ಸಿಗಬೇಕಲ್ಲ! ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅನ್ನುವ ಸ್ಥಿತಿ. ಸಮಯದ ಸರ್ವರನ್ನು ಐಪಿ ವಿಳಾಸವಾಗಿಯೇ ಬರೆದಿಟ್ಟೆ, ಗಂಟು ಬಿಚ್ಚಿತು.

ಇಂಥ ಸಂದರ್ಭದಲ್ಲಿ ಬೇರೆ ಸರ್ವರನ್ನು ಕೇಳಿ ನೋಡುವುದು ಒಳ್ಳೆಯ ಪರೀಕ್ಷೆ. ಎನ್‌ಎಸ್‌ಲುಕಪ್‌ಗೆ ತಾಣದ ಹೆಸರು ಕೊಟ್ಟು, ಸ್ಪೇಸ್ ಬಿಟ್ಟು 1.1.1.1 ಎಂದು ಸೇರಿಸಿದರೆ ಕ್ಲೌಡ್‌ಫ್ಲೇರ್‌ನ ಸರ್ವರ್‌ಗೆ ಕೇಳುತ್ತದೆ. 8.8.8.8 ಗೂಗಲ್‌ನದು, 9.9.9.9 ಕ್ವಾಡ್9ನದು. ರೂಟರ್ ಕೊಟ್ಟ ಸರ್ವರ್ ಸೋತು ಇವು ಗೆದ್ದರೆ ತೊಂದರೆ ರೂಟರ್‌ನಲ್ಲಿ ಅಥವಾ ಸಂಪರ್ಕ ಕೊಟ್ಟವರಲ್ಲಿ. ಎಲ್ಲವೂ ಒಂದೇ ರೀತಿ ಸೋತರೆ ತೊಂದರೆ ಆ ಡೊಮೈನ್‌ನಲ್ಲೇ, ನೀವು ಕಾಯುವುದನ್ನು ಬಿಟ್ಟು ಮಾಡುವುದೇನಿಲ್ಲ. ‘8.8.8.8 ಹಾಕ್ಕೊಳ್ಳಿ ಸರಿಹೋಗುತ್ತೆ’ ಎಂಬ ಸಲಹೆಗೆ ನನ್ನ ತಕರಾರು ಇಷ್ಟೇ: ಪರೀಕ್ಷೆಗೆ ಅದು ಚೆನ್ನ, ಖಾಯಂ ಸೆಟ್ಟಿಂಗ್ ಆಗಿ ಹಾಕಿ ಮರೆತರೆ ನಾಳೆ ಬೇರೆ ನೆಟ್‌ವರ್ಕ್‌ನಲ್ಲಿ ಅದೇ ಹೊಸ ಸಮಸ್ಯೆ.

ಅದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು ತಿಳಿವಳಿಕೆ, ಆಲ್ಟರ್‌ನೇಟ್ ಡಿಎನ್‌ಎಸ್ ಸರ್ವರ್. ಮೊದಲನೆಯದಕ್ಕೆ ಹೆಸರು ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗಿಲ್ಲ. ಮೊದಲನೆಯದು ‘ಇಲ್ಲ’ ಎಂದರೆ ಅದೂ ಒಂದು ಉತ್ತರವೇ, ವಿಚಾರಣೆ ಅಲ್ಲಿಗೆ ಮುಗಿಯಿತು. ಮೊದಲನೆಯದು ಬಾಯಿಯೇ ಬಿಡದಿದ್ದರೆ ಮಾತ್ರ ಎರಡನೆಯದರ ಸರದಿ. ಆಫೀಸಿನ ಒಳಗಿನ ಸರ್ವರನ್ನು ಮೊದಲನೆಯದಾಗಿಯೂ 8.8.8.8 ಅನ್ನು ಎರಡನೆಯದಾಗಿಯೂ ಹಾಕಿಕೊಂಡವರಿಗೆ ಒಳಗಿನ ತಾಣಗಳು ಒಂದು ದಿನ ತೆರೆದು ಒಂದು ದಿನ ತೆರೆಯದಿರುವುದು ಇದರಿಂದಲೇ. ಒಳಗಿನ ಸರ್ವರ್ ಕ್ಷಣಕಾಲ ತಡಮಾಡಿದರೆ ಸಾಕು, ಪ್ರಶ್ನೆ ಹೊರಗೆ ಹೋಗುತ್ತದೆ, ಹೊರಗಿನವರು ಅಂಥ ಹೆಸರೇ ಇಲ್ಲ ಎನ್ನುತ್ತಾರೆ, ಆ ‘ಇಲ್ಲ’ವೂ ಸ್ವಲ್ಪ ಹೊತ್ತು ಕ್ಯಾಶ್‌ನಲ್ಲಿ ಉಳಿಯುತ್ತದೆ. ‘ಇಲ್ಲ’ವನ್ನೂ ನೆನಪಿಡುತ್ತಾರೆ ಎಂಬುದು ಡೊಮೈನ್ ಹೊಸದಾಗಿ ಕೊಂಡವರಿಗೂ ತಿಳಿದಿರಬೇಕು. ದಾಖಲೆ ಸೇರಿಸುವ ಮುಂಚೆಯೇ ಬಂತಾ ಬಂತಾ ಎಂದು ನೋಡುತ್ತ ಕೂತರೆ ನೀವೇ ಆ ‘ಇಲ್ಲ’ವನ್ನು ನಿಮ್ಮ ಸರ್ವರ್‌ನ ನೆನಪಿಗೆ ತುಂಬಿದಂತಾಗುತ್ತದೆ.

ರೂಟರ್ ಮೇಲೆ ಸಂಶಯವಿದ್ದರೆ ಅದರ ಸೆಟ್ಟಿಂಗ್ ಪುಟದಲ್ಲಿ ಡಿಎನ್‌ಎಸ್ ವಿಳಾಸ ಯಾವುದಿದೆ ನೋಡಿ. ಗುರುತಿಲ್ಲದ ವಿಳಾಸ ಇದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ಲಕ್ಷಾಂತರ ಯಂತ್ರಗಳ ಡಿಎನ್‌ಎಸ್ ಸೆಟ್ಟಿಂಗನ್ನು ಕಳ್ಳರ ಸರ್ವರ್‌ಗೆ ತಿರುಗಿಸಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಹಿಡಿಯಿತು. ಕಳ್ಳರ ಸರ್ವರ್‌ಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಯಂತ್ರಗಳ ಇಂಟರ್ನೆಟ್ ನಿಲ್ಲುತ್ತಿತ್ತು. ಹಾಗಾಗಿ ಅವುಗಳ ಜಾಗದಲ್ಲಿ ಸಾಚಾ ಸರ್ವರ್‌ಗಳನ್ನು ಕೂರಿಸಿ, 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ರೂಟರ್‌ನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇದ್ದರೆ ಇವತ್ತೇ ಬದಲಿಸಿ.

ಲಿನಕ್ಸ್‌ ಮತ್ತು ಮ್ಯಾಕ್‌ನಲ್ಲೂ ಮುಂಬಾಗಿಲು ಹಿತ್ತಲಬಾಗಿಲಿನ ಈ ವ್ಯತ್ಯಾಸ ಹಾಗೇ ಇದೆ, ಹೆಸರು ಬೇರೆ. ಲಿನಕ್ಸ್‌ನಲ್ಲಿ ಡಿಗ್ ನೇರವಾಗಿ ಸರ್ವರನ್ನು ಕೇಳುತ್ತದೆ, ಗೆಟ್‌ಎಂಟ್ ಹೋಸ್ಟ್ಸ್ ಎಂಬುದು ಸಿಸ್ಟಂ ಮೂಲಕ ಕೇಳುತ್ತದೆ. ಎರಡರ ಉತ್ತರ ಬೇರೆಯಾದರೆ ಇಟಿಸಿಯೊಳಗಿನ ಹೋಸ್ಟ್ಸ್ ಮತ್ತು ಎನ್‌ಎಸ್‌ಸ್ವಿಚ್ ಕಾನ್ಫ್ ಫೈಲುಗಳನ್ನು ನೋಡಿ. ರಿಸಾಲ್ವ್ ಕಾನ್ಫ್‌ನಲ್ಲಿ 127.0.0.53 ಕಂಡು ಗಾಬರಿಯಾಗಿ ತಿದ್ದಬೇಡಿ, ಅದು ಸಿಸ್ಟಂಡಿ ರಿಸಾಲ್ವ್ಡ್ ಎಂಬ ಸೇವೆಯ ವಿಳಾಸ. ಅದರ ಹಿಂದೆ ನಿಜವಾಗಿ ಯಾವ ಸರ್ವರ್ ಇದೆ ಎಂಬುದನ್ನು ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ತೋರಿಸುತ್ತದೆ. ಮ್ಯಾಕ್‌ನಲ್ಲಿ ಎಸ್‌ಸಿಯುಟಿಲ್‌ಗೆ ಎರಡು ಅಡ್ಡಗೆರೆ ಹಾಕಿ ಡಿಎನ್‌ಎಸ್ ಎಂದು ಕೊಟ್ಟರೆ ಪೂರ್ತಿ ಜಾತಕ ಸಿಗುತ್ತದೆ. ಅಲ್ಲಿ ಇಟಿಸಿಯೊಳಗೆ ರಿಸಾಲ್ವರ್ ಎಂಬ ಫೋಲ್ಡರ್ ಇದ್ದರೆ ಇಣುಕಿ ನೋಡಿ. ವಿಂಡೋಸ್‌ನ ಎನ್‌ಆರ್‌ಪಿಟಿ ಮಾಡುವ ಕೆಲಸವನ್ನು ಅದರಲ್ಲಿರುವ ಫೈಲುಗಳು ಮಾಡುತ್ತವೆ, ಮರೆತುಹೋದ ನಿಯಮಗಳು ಅಲ್ಲೂ ಉಳಿಯುತ್ತವೆ.

ಮತ್ತೆ ನಿಮ್ಮ ಲ್ಯಾಪ್‌ಟಾಪ್‌ಗೆ. ನಿಯಮ ಅಳಿಸಿ ಎಲ್ಲ ಸರಿಹೋದ ಮೇಲೆ ಕೈಯಾರೆ ಹಾಕಿದ್ದ 8.8.8.8 ತೆಗೆದು ಡಿಎನ್‌ಎಸ್ ಸೆಟ್ಟಿಂಗನ್ನು ಆಟೋಮ್ಯಾಟಿಕ್‌ಗೆ ಮರಳಿಸಿ. ಕ್ರೋಮ್ ಮಾತ್ರ ಇನ್ನೂ ಮೊಂಡು ಹಿಡಿದರೆ ಪೂರ್ತಿ ಮುಚ್ಚಿ ತೆರೆಯಿರಿ, ಅದಕ್ಕೆ ತನ್ನದೇ ಕ್ಯಾಶ್ ಇದೆ. ಒಂದು ವೇಳೆ ಎನ್‌ಆರ್‌ಪಿಟಿ ಖಾಲಿಯಿದ್ದು, ಹೆಚ್ಚುವರಿ ಅಡಾಪ್ಟರ್ ಕೂಡ ಇಲ್ಲದೆ, ಆಂಟಿವೈರಸ್ ಆಫ್ ಮಾಡಿದರೂ ಹಾಗೇ ಇದ್ದರೆ, ರಿಸಾಲ್ವ್-ಡಿಎನ್‌ಎಸ್‌ನೇಮ್ ಕೊಟ್ಟ ಕೆಂಪು ಸಾಲನ್ನು ಒಂದಕ್ಷರವೂ ಬಿಡದೆ ನಕಲಿಸಿ ಕಳಿಸಿ. ಉತ್ತರ ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನೂ ಬರೆಯಿರಿ. ತಕ್ಷಣ ಬಂದ ‘ಇಲ್ಲ’ ಬೇರೆ, ಕಾದು ಬಂದ ‘ಇಲ್ಲ’ ಬೇರೆ, ಮುಂದೆ ಎಲ್ಲಿ ಹುಡುಕಬೇಕೆಂದು ಅದರ ಮೇಲೆ ಹೇಳುತ್ತೇನೆ.